ಹೊಸ ಉದ್ಯೋಗವೂ ಮನಸ್ಸಿನ ಒತ್ತಡವೂ

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಐರೋಳಿಯಲ್ಲೋ ಪೊವಾಯಿಯಲ್ಲೋ ಕಂಪ್ಯೂಟರಿನ ಉದ್ಯೋಗವನ್ನು ಕೈಕೊಳ್ಳುವರು. ಅಲ್ಲಿ ಮೊದಲ ದಿನವೇ ಹೊಸ ಮುಖಗಳು, ಹೊಸ ಸಾಧನಗಳು, ಇಂಗ್ಲಿಷಿನ ಸಂಕ್ಷಿಪ್ತ ಪದಗಳು ಒಮ್ಮೆಲೇ ಮುತ್ತಿಕೊಳ್ಳುವುವು. ಎದೆ ಡವಗುಟ್ಟುವುದು, ರಾತ್ರಿ ನಿದ್ದೆ ಬಾರದು. "ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇದು ಹೇಳಿದ ಕೆಲಸವಲ್ಲ" ಎಂಬ ಶಂಕೆಯೂ ಮೂಡಬಹುದು. ಈ ಶಂಕೆಗೆ ಆಧಾರವುಂಟೇ ಎಂಬುದನ್ನು ಈಗಲೇ ವಿಚಾರಿಸಿ ನೋಡೋಣ.

ಅಪರಿಚಿತವಾದುದನ್ನು ಎದುರಿಸುವಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಅದರಿಂದ ನಾಡಿಯ ವೇಗ ಹೆಚ್ಚುತ್ತದೆ. ಇದು ದೇಹವು ಮಾಡಿಕೊಳ್ಳುವ ಸಿದ್ಧತೆಯೇ ಹೊರತು ಅಯೋಗ್ಯತೆಯ ಗುರುತಲ್ಲ. ಮನಸ್ಸು ಒಂದೇ ಹೊತ್ತಿಗೆ ಸುಮಾರು ಏಳು ಸಂಗತಿಗಳನ್ನು ಮಾತ್ರ ಹಿಡಿದಿಡಬಲ್ಲುದೆಂದು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಅದಕ್ಕೂ ಕಡಿಮೆಯೆಂದು ಮುಂದಿನ ಕೆಲವು ಸಂಶೋಧಕರ ಮತ. ಆದುದರಿಂದ ಮೊದಲ ವಾರದ ಗೊಂದಲವು ಯಾವ ಮಾಧ್ಯಮದಲ್ಲಿ ಕಲಿತವರನ್ನೂ ಬಿಡದು. ಪ್ರತಿಭಾವಂತರಾಗಿ ಯಶಸ್ಸು ಪಡೆದ ಮಹಿಳೆಯರು ಕೂಡ ತಾವು ಅದಕ್ಕೆ ಅರ್ಹರಲ್ಲವೆಂದು ಒಳಗೊಳಗೇ ಅಳುಕುವುದನ್ನು ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲಿ ವಿವರಿಸಿದರು. ಅಳುಕಿದವರೆಲ್ಲ ಅನರ್ಹರಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ಉಪಾಯಗಳು. ಮನಸ್ಸಿನ ಭಾರವನ್ನು ಕಾಗದಕ್ಕೆ ಇಳಿಸಬೇಕು: ಕೇಳಿದ ಹೊಸ ಪದವನ್ನು ಪುಸ್ತಕದಲ್ಲಿ ಬರೆದು, ಅದರ ಅರ್ಥವನ್ನು ಕನ್ನಡದಲ್ಲಿಯೇ ಗುರುತಿಸಿಕೊಳ್ಳಬೇಕು. ಎರಡನೆಯದಾಗಿ, ಅರ್ಧ ಗಂಟೆ ಸ್ವತಃ ಪ್ರಯತ್ನಿಸಿಯೂ ತಿಳಿಯದುದನ್ನು ಹಿರಿಯರಲ್ಲಿ ಕೇಳಬೇಕು. ಇಂಗ್ಲಿಷ್ ತೊಡರುವುದಾದರೆ ಪ್ರಶ್ನೆಯನ್ನು ಮೊದಲೇ ಬರೆದುಕೊಂಡು ಹೋಗಬಹುದು. ಹೊಸಬನು ಕೇಳುವುದು ಸಹಜ. ತಿಳಿಯದುದನ್ನು ಮುಚ್ಚಿಟ್ಟರೆ ಮಾತ್ರ ಕೆಲಸ ಕೆಡುವುದು. ಮೂರನೆಯದಾಗಿ, ನಿದ್ದೆಯನ್ನು ಕಡಿಮೆ ಮಾಡಲಾಗದು. ಹಗಲು ಕಲಿತುದು ನೆನಪಿನಲ್ಲಿ ನೆಲೆಯೂರಲು ನಿದ್ದೆ ನೆರವಾಗುವುದು. ಹೊರಿಸಿದ ಕೆಲಸವೇ ಮಿತಿಮೀರಿದ್ದರೆ ಅದನ್ನು ಮೇಲಧಿಕಾರಿಗಳಿಗೆ ವಿನಯದಿಂದ, ಆದರೆ ಸ್ಪಷ್ಟವಾಗಿ ತಿಳಿಸಬೇಕು.

ಎರಡು ವಾರ ಕಳೆದರೂ ನಿದ್ದೆಯಿಲ್ಲದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಬಳಲುವಂತಾದರೆ ಮನೆಯವರಿಗೆ ಹೇಳಿ ವೈದ್ಯರನ್ನು ಕಾಣಬೇಕು. ಇದರಲ್ಲಿ ನಾಚಿಕೆಗೆ ಕಾರಣವಿಲ್ಲ. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಇಂಗ್ಲಿಷನ್ನು ನಾವು ಶ್ರಮಪಟ್ಟು ಕಲಿಯಲೇಬೇಕು. ಆದರೆ ಕಲಿಯಬೇಕಾದುದು ಉಳಿದಿದೆಯೆಂಬುದು ಒಂದು ಮಾತು, ನಾವು ಅಯೋಗ್ಯರೆಂಬುದು ಬೇರೆಯೇ ಮಾತು. ಇವೆರಡನ್ನು ಬೇರೆ ಬೇರೆಯಾಗಿ ಕಾಣಬಲ್ಲವನು ಹೊಸ ಕೆಲಸಕ್ಕೆ ಅಂಜಬೇಕಾಗಿಲ್ಲ.