ಗಾಲ್ಫ್ ಬಾಲ್: ಹೊಸಬರಿಗೆ ಎರಡು ಪದರದ್ದೇ ಸಾಕು

ವಿರಾಜಪೇಟೆ: ಬಿಟ್ಟಂಗಾಲದ ಗಾಲ್ಫ್ ಮೈದಾನಕ್ಕೆ ಈಗಷ್ಟೇ ಹೋಗೋಕೆ ಶುರು ಮಾಡಿದ್ದೀರಾ? ಟಿವಿಯಲ್ಲಿ ಆಡೋರ ಕಾಸ್ಟ್ಲಿ ಬಾಲ್ ಕೊಳ್ಳೋಕೆ ಹೋಗಬೇಡಿ.

ನಿಯಮದ ಪ್ರಕಾರ ಯಾವ ಬಾಲ್ ಕೂಡ 45.93 ಗ್ರಾಂ ಮೀರುವಂತಿಲ್ಲ, 42.67 ಮಿ.ಮೀ.ಗಿಂತ ಚಿಕ್ಕದಿರುವಂತಿಲ್ಲ. ವ್ಯತ್ಯಾಸ ಇರೋದು ಒಳಗಿನ ಪದರ, ಮೇಲಿನ ಹೊದಿಕೆಯಲ್ಲಿ.

ಮೂರು-ನಾಲ್ಕು ಪದರದ, ಯುರೇಥೇನ್ ಹೊದಿಕೆಯ ಬಾಲ್ ಹೆಚ್ಚು ಸ್ಪಿನ್ ಆಗುತ್ತೆ, ಗ್ರೀನ್ ಮೇಲೆ ಬಿದ್ದು ಬೇಗ ನಿಲ್ಲುತ್ತೆ. ರೇಟು ಜಾಸ್ತಿ, ಕೈ ಪಳಗಿದವರಿಗೆ ಸರಿ.

ಎರಡು ಪದರದ, ಅಯೊನೊಮರ್ ಹೊದಿಕೆಯದ್ದು ಗಟ್ಟಿ, ಅಗ್ಗ. ಸ್ಪಿನ್ ಕಡಿಮೆ ಇರೋದ್ರಿಂದ ಹೊಡೆತ ತಪ್ಪಿದ್ರೂ ಪಕ್ಕಕ್ಕೆ ತಿರುಗೋದು ಕಮ್ಮಿ.

ಹೊಸಬರ ಬಾಲ್ ಸವೆಯೋದಕ್ಕಿಂತ ಕಳೆದುಹೋಗೋದೇ ಹೆಚ್ಚು. ಪೊದೆಗೆ ಬಿದ್ರೆ ದುಡ್ಡೂ ಹೋಯ್ತು ಅಂತಲೇ ಲೆಕ್ಕ. ಹಳದಿ ಬಣ್ಣದ್ದು ತಗೊಂಡ್ರೆ ಹುಲ್ಲಲ್ಲಿ ಹುಡುಕೋದು ಸುಲಭ. ಅಂಗಡಿಯವರೂ ಹೊಸ ಗಿರಾಕಿಗೆ ಮೊದಲು ಇದನ್ನೇ ತೋರಿಸಿದ್ರೆ ಒಳ್ಳೇದು.