‘ಕನ್ನಡ’ದೊಳಗೆ ಅಡಗಿರುವ ಪೌಂಡ್ ಚಿಹ್ನೆ

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂಬ ಪದವನ್ನು ಬೆರಳಚ್ಚು ಮಾಡಿದರೆ ಪರದೆಯ ಮೇಲೆ ಅಂದವಾದ ಕನ್ನಡ ಲಿಪಿಯೇ ಮೂಡುತ್ತದೆ. ಆದರೆ ಕಡತದೊಳಗೆ ದಾಖಲಾಗುವುದು ಬೇರೆಯೇ ಸಂಗತಿ. ಇಂಗ್ಲಿಷಿನ ‘ಪಿ’, ತಲೆಯ ಮೇಲೊಂದು ಗೆರೆ ಹೊತ್ತ ‘ಎ’, ಬ್ರಿಟಿಷರ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’, ಒಂದು ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಈ ಏಳು ಸಂಕೇತಗಳಿಗೆ ಕನ್ನಡದ ಅಕ್ಷರಭಾಗಗಳ ವೇಷ ತೊಡಿಸುವುದಷ್ಟೇ ಅಕ್ಷರಶೈಲಿಯ ಕೆಲಸ. ಕಣ್ಣಿದ್ದವರಿಗೆ ವೇಷ ಸಾಕು. ಕಣ್ಣಿಲ್ಲದವರ ಪರವಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ, ಅಂದರೆ ಸ್ಕ್ರೀನ್ ರೀಡರ್‌ಗೆ, ವೇಷ ಕಾಣುವುದಿಲ್ಲ. ಅದು ಒಳಗಿರುವುದನ್ನೇ ಓದುತ್ತದೆ. ಕನ್ನಡದ ಸುತ್ತೋಲೆಯೊಂದನ್ನು ತೆರೆದ ಅಂಧ ನೌಕರನ ಕಿವಿಗೆ ಬೀಳುವುದು ಪೌಂಡುಗಳ, ಕ್ಯೂಗಳ ಅರ್ಥಹೀನ ಗಲಾಟೆ.

ಯಲಹಂಕ ಉಪನಗರದಲ್ಲಿರುವ ನನ್ನ ಪರಿಚಿತ ಕುಟುಂಬವೊಂದರ ಯುವಕರು ದೃಷ್ಟಿಯಿಲ್ಲದವರು, ಪದವೀಧರರು, ಸರ್ಕಾರಿ ಕಚೇರಿಯೊಂದರಲ್ಲಿ ಸಹಾಯಕರಾಗಿ ಸೇರಿದ್ದಾರೆ. ಯಾವ ಪದಸಂಸ್ಕರಣ ತಂತ್ರಾಂಶವನ್ನು ಆರಿಸಿಕೊಂಡರೆ ಉತ್ತಮ ಎಂಬುದು ಅವರ ಪ್ರಶ್ನೆಯಾಗಿತ್ತು. ಇದು ಸರಳವಾದ ಪ್ರಶ್ನೆಯಂತೆ ತೋರುತ್ತದೆ. ಅಂಗಡಿಗೆ ಹೋಗಿ ಎರಡು ವಸ್ತುಗಳ ಗುಣ, ಬೆಲೆಗಳನ್ನು ತೂಗಿ ನೋಡುವ ಗ್ರಾಹಕನ ಆಯ್ಕೆಯೆಂದೇ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಭಾವಿಸಿಯಾರು. ಆದರೆ ವಿಚಾರಿಸುತ್ತ ಹೋದಂತೆ, ಈ ಆಯ್ಕೆಯ ಬಹುಪಾಲು ಅಂಧ ಬಳಕೆದಾರನ ಕೈಯಲ್ಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು, ಅವರ ಕೈಯಲ್ಲಿರುವ ಭಾಗವನ್ನು ನೋಡೋಣ. ಅಂಧರಿಗೆ ಪದಸಂಸ್ಕಾರಕಕ್ಕಿಂತ ಮೊದಲು ಬೇಕಾದುದು ಸ್ಕ್ರೀನ್ ರೀಡರ್. ಈ ಕ್ಷೇತ್ರದಲ್ಲಿ ದೀರ್ಘಕಾಲ ಅಧಿಪತ್ಯ ನಡೆಸಿದ್ದು ‘ಜಾಸ್’. ವಾಹನ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಟೆಡ್ ಹೆಂಟರ್ ಆರಂಭಿಸಿದ ಈ ತಂತ್ರಾಂಶದ ಮೊದಲ ಆವೃತ್ತಿ ಬಂದದ್ದು 1989ರಲ್ಲಿ. ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ಆದರೆ ಅಮೆರಿಕದಲ್ಲಿ ಅದರ ಬೆಲೆ ಬಹುಕಾಲ ಸಾವಿರ ಡಾಲರುಗಳ ಆಸುಪಾಸಿನಲ್ಲಿತ್ತು. ಕಂಪ್ಯೂಟರಿಗಿಂತ ತಂತ್ರಾಂಶವೇ ದುಬಾರಿ ಎಂಬ ವಿಪರ್ಯಾಸ. ಉಚಿತ ಪ್ರಾಯೋಗಿಕ ಪ್ರತಿ ನಲವತ್ತು ನಿಮಿಷಗಳಿಗೊಮ್ಮೆ ನಿಂತುಹೋಗುತ್ತಿತ್ತು. ಕಂಪ್ಯೂಟರನ್ನು ಮತ್ತೆ ಮತ್ತೆ ಹೊಸದಾಗಿ ಚಾಲೂ ಮಾಡಿಕೊಂಡು ಕೆಲಸ ಸಾಗಿಸಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ‘ಎನ್‌ವಿಡಿಎ’ ಎಂಬ ಮುಕ್ತ ತಂತ್ರಾಂಶದ ರಚನೆಗೆ ತೊಡಗಿದರು. ಅವರ ಜೊತೆಗೂಡಿದ ಜೇಮ್ಸ್ ಟೆಹ್ ಕೂಡ ಅಂಧರೇ. ಕಣ್ಣಿದ್ದವರು ಬಳಸುವ ಕಂಪ್ಯೂಟರನ್ನೇ ಬಳಸಲು ಅಂಧರು ಮಾತ್ರ ಹೆಚ್ಚುವರಿ ಬೆಲೆ ತೆರಬೇಕೇಕೆ ಎಂಬುದು ಅವರ ತಕರಾರು. ಇಂದಿಗೂ ಅದು ಉಚಿತ. ಅದರೊಂದಿಗೇ ಬರುವ ‘ಇ-ಸ್ಪೀಕ್’ ಎಂಬ ಧ್ವನಿಯಂತ್ರ ಕನ್ನಡವನ್ನೂ ಓದುತ್ತದೆ. ದನಿ ಯಾಂತ್ರಿಕ, ಕಿವಿಗೆ ಹಿತವೆನಿಸದು. ಅಭ್ಯಾಸವಾದವರು ಮಾತ್ರ ಅದನ್ನೇ ಬಯಸುತ್ತಾರೆ. ನಮಗೆ ಗಡಗಡ ಸದ್ದಷ್ಟೇ ಕೇಳಿಸುವ ವೇಗದಲ್ಲಿ ಅವರಿಗೆ ಪ್ರತಿ ಅಕ್ಷರ ಸ್ಪಷ್ಟ. ಅವರಿಗೆ ಮಾಧುರ್ಯಕ್ಕಿಂತ ವೇಗ ಮುಖ್ಯ.

ಇನ್ನು ಪದಸಂಸ್ಕಾರಕ. ಟಿಪ್ಪಣಿ ಬರೆದುಕೊಳ್ಳಲು ನೋಟ್‌ಪ್ಯಾಡ್ ಸಾಕು. ಕಚೇರಿಯ ಕೆಲಸಕ್ಕೆ ಮೈಕ್ರೋಸಾಫ್ಟ್ ವರ್ಡ್ ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ. ಮುಕ್ತ ತಂತ್ರಾಂಶಗಳ ಬಗ್ಗೆ ಒಲವುಳ್ಳವನಾದರೂ ಇದನ್ನು ಹೇಳಲೇಬೇಕಾಗಿದೆ. ಇದಕ್ಕೊಂದು ಇತಿಹಾಸವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2005ರಲ್ಲಿ, ತನ್ನ ಕಡತಗಳೆಲ್ಲ 2007ರ ಆರಂಭದಿಂದ ಯಾವ ಕಂಪೆನಿಗೂ ಸೇರದ ಮುಕ್ತ ರೂಪದಲ್ಲಿರಬೇಕೆಂದು ತೀರ್ಮಾನಿಸಿತು. ಸಾರ್ವಜನಿಕ ದಾಖಲೆಗಳು ಒಂದು ಖಾಸಗಿ ಸಂಸ್ಥೆಯ ಬೀಗದೊಳಗಿರಬಾರದೆಂಬ ಆ ನೀತಿ ತಾತ್ವಿಕವಾಗಿ ನಿರ್ದುಷ್ಟವೇ ಆಗಿತ್ತು. ಆದರೆ ಅದನ್ನು ಬಲವಾಗಿ ಪ್ರತಿಭಟಿಸಿದವರಲ್ಲಿ ಅಂಧರೂ ಇದ್ದರು! ಆಗಿನ ಓಪನ್ ಆಫೀಸ್ ಅವರ ಸ್ಕ್ರೀನ್ ರೀಡರ್‌ಗಳ ಜೊತೆ ಸರಿಯಾಗಿ ಮಾತನಾಡುತ್ತಿರಲಿಲ್ಲ. ಆ ಜಗಳದ ನೇರ ಫಲವಾಗಿ ಐಬಿಎಂ ಸಂಸ್ಥೆ 2006ರ ಡಿಸೆಂಬರಿನಲ್ಲಿ ಸ್ಕ್ರೀನ್ ರೀಡರ್ ಮತ್ತು ಇತರ ತಂತ್ರಾಂಶಗಳ ನಡುವಿನ ಸಂವಾದಕ್ಕೊಂದು ಹೊಸ ಮುಕ್ತ ಶಿಷ್ಟತೆಯನ್ನು ಕೊಡುಗೆಯಾಗಿ ನೀಡಿತು. ಅದು ಓಪನ್ ಆಫೀಸಿನೊಳಗೆ ಬಂದು ನೆಲೆಗೊಳ್ಳುವ ಹೊತ್ತಿಗೆ 2014 ಆಗಿತ್ತು. ಇಂದಿನ ಲಿಬ್ರೆ ಆಫೀಸ್ ಬಹಳ ಸುಧಾರಿಸಿದೆ. ಕೋಷ್ಟಕ ಹೆಚ್ಚಿಲ್ಲದ ಪತ್ರಗಳಿಗೆ ಧಾರಾಳವಾಗಿ ಸಾಕಾಗುತ್ತದೆ. ನೀತಿ ಎಷ್ಟೇ ಉದಾತ್ತವಾಗಿರಲಿ, ಬಳಸುವವರನ್ನು ಕೇಳದೆ ಜಾರಿಗೆ ತಂದರೆ ಏನಾಗುತ್ತದೆಂಬುದಕ್ಕೆ ಆಡಳಿತ ತರಬೇತಿ ಸಂಸ್ಥೆಗಳಲ್ಲಿ ಹೇಳಿಕೊಡಬೇಕಾದ ಪ್ರಕರಣವಿದು.

ಕನ್ನಡದಲ್ಲಿ ಬರೆಯುವ ಅಂಧರಿಗೆ ಇನ್ನೊಂದು ಆಯ್ಕೆಯಿದೆ, ಕೀಲಿಮಣೆ. ವಿಂಡೋಸ್‌ನಲ್ಲಿ ಅಂತರ್ಗತವಾಗಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಶಾಸ್ತ್ರೀಯವಾದುದು, ಆದರೆ ಹೊಸದಾಗಿ ಕಲಿಯಬೇಕಾದುದು. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯ ಮೂಲಕ ಮನೆಮಾತಾದ ‘ಕ-ಗ-ಪ’ ವಿನ್ಯಾಸದಲ್ಲಿ ಕಕಾರ ‘ಕೆ’ ಕೀಲಿಯಲ್ಲಿ, ಗಕಾರ ‘ಜಿ’ಯಲ್ಲಿ, ಪಕಾರ ‘ಪಿ’ಯಲ್ಲಿ ಇರುತ್ತವೆ. ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ದೇಶ 1951ರಲ್ಲಿ ಅಂಗೀಕರಿಸಿದ ಭಾರತಿ ಬ್ರೈಲ್‌ನಲ್ಲಿಯೂ ಕನ್ನಡದ ಕಕಾರಕ್ಕೆ ಇಂಗ್ಲಿಷಿನ ‘ಕೆ’ಯ ಚುಕ್ಕಿಗಳೇ, ಗಕಾರಕ್ಕೆ ‘ಜಿ’ಯವೇ, ಪಕಾರಕ್ಕೆ ‘ಪಿ’ಯವೇ. ಹೀಗಾಗಿ ಶಾಲೆಯಲ್ಲಿ ಬ್ರೈಲ್ ಕಲಿತ ಮಗುವಿಗೆ ಕ-ಗ-ಪ ಕೀಲಿಮಣೆಯ ತರ್ಕ ಬೆರಳ ತುದಿಯಲ್ಲಿ ಮೊದಲೇ ಇರುತ್ತದೆ.

ತಿದ್ದುವ ಕೆಲಸ ಮಾತ್ರ ಬೇರೆಯೇ ಸಾಧನೆಯನ್ನು ಬೇಡುತ್ತದೆ. ಯೂನಿಕೋಡ್‌ನಲ್ಲಿ ‘ಕ್ಷ’ ಎಂಬುದು ಕಣ್ಣಿಗೆ ಒಂದೇ ಆಕಾರವಾದರೂ ಒಳಗೆ ಕಕಾರ, ಹಲಂತ, ಷಕಾರ ಎಂಬ ಮೂರು ಸಂಕೇತಗಳು. ಸಾಮಾನ್ಯವಾಗಿ ಬ್ಯಾಕ್‌ಸ್ಪೇಸ್ ಕೀಲಿ ಇವುಗಳಲ್ಲಿ ಕೊನೆಯ ಒಂದನ್ನಷ್ಟೇ ಅಳಿಸುತ್ತದೆ. ಡಿಲೀಟ್ ಕೀಲಿ ಇಡೀ ಗುಂಪನ್ನೇ ನುಂಗುತ್ತದೆ. ನಮಗೆ ಕಣ್ಣೆದುರೇ ಗೊತ್ತಾಗುವ ಈ ವ್ಯತ್ಯಾಸವನ್ನು ಅವರು ಒಂದೊಂದೇ ಸಂಕೇತ ಕೇಳಿಸಿಕೊಂಡು ಖಚಿತಪಡಿಸಿಕೊಳ್ಳಬೇಕು. ‘ಶ’ ಮತ್ತು ‘ಷ’ಗಳ ವ್ಯತ್ಯಾಸ ವಾಕ್ಯದ ಓಟದಲ್ಲಿ ಕಿವಿಗೆ ತಿಳಿಯದು. ಆದ್ದರಿಂದ ಅಕ್ಷರ ಅಕ್ಷರವಾಗಿ ಓದಿಸಿಕೊಳ್ಳುವ ಸೌಲಭ್ಯ ಎಷ್ಟು ನಿಖರವಾಗಿದೆ ಎಂಬುದೇ ತಂತ್ರಾಂಶದ ನಿಜವಾದ ಪರೀಕ್ಷೆ. ಈಗ ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ತಂತ್ರಜ್ಞಾನವಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಗೂಗಲ್‌ನ ಕನ್ನಡ ಧ್ವನಿ ಬೆರಳಚ್ಚು 2017ರಲ್ಲೇ ಬಂದಿದೆ, ನಿಜ. ಆದರೆ ಹತ್ತು ಜನ ಕುಳಿತ ಹಾಲಿನಲ್ಲಿ ಶಿಸ್ತುಕ್ರಮದ ಕಡತಕ್ಕೆ ಟಿಪ್ಪಣಿಯನ್ನು ಗಟ್ಟಿಯಾಗಿ ಹೇಳಿ ಬರೆಸಲಾದೀತೆ?

ಇಷ್ಟನ್ನೆಲ್ಲ ಕಲಿಯುವುದೆಲ್ಲಿ? ಅಂಧರಿಗಾಗಿ ದುಡಿಯುತ್ತಿರುವ ಬೆಂಗಳೂರಿನ ಹೆಸರಾಂತ ಸಂಸ್ಥೆಗಳನ್ನು ನೆನೆಯಿರಿ. ಮಿತ್ರಜ್ಯೋತಿ ಎಚ್‌ಎಸ್‌ಆರ್ ಬಡಾವಣೆಯಲ್ಲಿ, ಎನೇಬಲ್ ಇಂಡಿಯಾ ಕೋರಮಂಗಲದಲ್ಲಿ, ರಮಣ ಮಹರ್ಷಿ ಅಂಧರ ಅಕಾಡೆಮಿ ಜೆ.ಪಿ. ನಗರದಲ್ಲಿ, ರಾಷ್ಟ್ರೀಯ ಅಂಧರ ಸಂಘದ ಶಾಖೆ ಜೀವನ್‌ಬಿಮಾ ನಗರದಲ್ಲಿ. ಎಲ್ಲವೂ ನಗರದ ದಕ್ಷಿಣಕ್ಕೆ ಅಥವಾ ಪೂರ್ವಕ್ಕೆ. ಯಲಹಂಕದಿಂದ ಹೊರಟ ಅಂಧ ವಿದ್ಯಾರ್ಥಿ ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯನ್ನು ದಾಟಿ, ಬಸ್ಸು ಬದಲಾಯಿಸಿ, ಇಪ್ಪತ್ತೈದು ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿದರೆ ಎಚ್‌ಎಸ್‌ಆರ್ ಬಡಾವಣೆ ಸಿಗುತ್ತದೆ. ಆರ್.ಟಿ. ನಗರದಲ್ಲೋ ಯಶವಂತಪುರದಲ್ಲೋ ಇರುವ ಸಾರ್ವಜನಿಕ ಗ್ರಂಥಾಲಯ ಶಾಖೆಯೊಂದರಲ್ಲಿ ಎರಡು ಕಂಪ್ಯೂಟರುಗಳನ್ನಿಟ್ಟು, ವಾರಕ್ಕೆರಡು ದಿನ ತರಬೇತುದಾರರನ್ನು ಕರೆಸಿದರೆ ತಗಲುವ ವೆಚ್ಚ ದೊಡ್ಡದಲ್ಲ. ತಂತ್ರಾಂಶವಂತೂ ಉಚಿತ.

ಈಗ ಅವರ ಕೈಯಲ್ಲಿಲ್ಲದ ಭಾಗಕ್ಕೆ ಬರುತ್ತೇನೆ. ಯಲಹಂಕದ ಆ ಯುವಕರು ತಮ್ಮ ಕಂಪ್ಯೂಟರಿನಲ್ಲಿ ಅತ್ಯುತ್ತಮ ತಂತ್ರಾಂಶಗಳನ್ನೇ ಹಾಕಿಕೊಂಡಿದ್ದಾರೆ. ಹಾಗಿದ್ದೂ ಅವರ ಮೇಜಿಗೆ ಬರುವ ಕಡತಗಳಲ್ಲಿ ಹಲವು ಅವರ ಪಾಲಿಗೆ ಮೂಕ. ಕೆಲವು ಹಳೆಯ ನುಡಿ ಅಕ್ಷರಶೈಲಿಯಲ್ಲಿರುತ್ತವೆ. ಕೆಲವು, ಯೂನಿಕೋಡ್‌ನಲ್ಲೇ ಸಿದ್ಧಪಡಿಸಿ, ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿದ ಚಿತ್ರಗಳಾಗಿರುತ್ತವೆ. ಚಿತ್ರದಲ್ಲಿ ಅಕ್ಷರವೇ ಇಲ್ಲದ ಮೇಲೆ ಯಂತ್ರ ಏನನ್ನು ಓದೀತು? ಓದಬಲ್ಲ ಕಡತಗಳಲ್ಲೂ ಶೀರ್ಷಿಕೆಗಳನ್ನು ದಪ್ಪಕ್ಷರದಲ್ಲಿ, ದೊಡ್ಡ ಗಾತ್ರದಲ್ಲಿ ತೋರಿಸಿರುತ್ತಾರೆಯೇ ಹೊರತು ಅವು ಶೀರ್ಷಿಕೆಗಳೆಂದು ಗುರುತು ಮಾಡಿರುವುದಿಲ್ಲ. ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಒಂದನ್ನು ಒಟ್ಟಿಗೆ ಒತ್ತಿದರೆ ಸಾಲೊಂದು ಶೀರ್ಷಿಕೆಯಾಗುತ್ತದೆ. ಆಗ ಅಂಧ ಓದುಗ ಒಂದೇ ಕೀಲಿಯಿಂದ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯಬಲ್ಲ. ಇಲ್ಲವಾದರೆ ನಲವತ್ತು ಪುಟಗಳ ವರದಿಯಲ್ಲಿ ಶಿಫಾರಸುಗಳು ಎಲ್ಲಿವೆಯೆಂದು ತಿಳಿಯಲು ಮೊದಲ ಸಾಲಿನಿಂದಲೇ ಕೇಳಬೇಕು.

ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ಕಾರ್ಖಾನೆ ಹೊಗೆ ಬಿಡುತ್ತದೆ, ಕೆಮ್ಮುವವನು ಪಕ್ಕದ ಊರಿನವನು. ಕಡತ ಸಿದ್ಧಪಡಿಸುವವನಿಗೆ ಸರಿಯಾದ ವಿಧಾನದಿಂದ ತಗಲುವ ಹೆಚ್ಚುವರಿ ಶ್ರಮ ಅರ್ಧ ನಿಮಿಷ. ಓದಲಾಗದವನು ತೆರುವುದು ಅರ್ಧ ದಿನ, ಜೊತೆಗೆ ಸಹೋದ್ಯೋಗಿಯ ಮುಂದೆ ನಿಂತು ‘ಸ್ವಲ್ಪ ಓದಿ ಹೇಳುತ್ತೀರಾ’ ಎಂದು ಕೇಳುವ ಮುಜುಗರ. ಇಂತಹ ವೆಚ್ಚವನ್ನು ಮಾರುಕಟ್ಟೆ ಸರಿಪಡಿಸುವುದಿಲ್ಲ. ಶಿಷ್ಟತೆಯನ್ನು ನಿಗದಿಪಡಿಸುವ ಸರ್ಕಾರವೇ ಸರಿಪಡಿಸಬೇಕು.

ನುಡಿಯ ವಿಷಯದಲ್ಲಿ ನ್ಯಾಯವಾಗಿ ಮಾತನಾಡಬೇಕು. ತೊಂಬತ್ತರ ದಶಕದಲ್ಲಿ ಒಂದೊಂದು ಕಂಪೆನಿಯ ಕನ್ನಡಕ್ಕೂ ಒಂದೊಂದು ಸಂಕೇತವ್ಯವಸ್ಥೆಯಿತ್ತು. ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು ಶೇಷಾದ್ರಿ ವಾಸು ಅವರ ಬರಹ ಆ ಅರಾಜಕತೆಗೆ ಬಹುಮಟ್ಟಿಗೆ ಅಂತ್ಯ ಹಾಡಿದವು. ಅದು ಸಣ್ಣ ಸೇವೆಯಲ್ಲ. ಆದರೆ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಬಳಕೆಗೂ ಬಂದಿತ್ತು. ರಾಜ್ಯ ಸರ್ಕಾರ ಯೂನಿಕೋಡ್ ಅನ್ನು ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ಈ ನಡುವಿನ ದಶಕದಲ್ಲಿ ಅಭ್ಯಾಸ ಬೇರೂರಿತು. ಆದೇಶ ಬಂದ ಮೇಲೂ ಕೈ ಹಳೆಯ ಅಕ್ಷರಶೈಲಿಯತ್ತಲೇ ಹೋಗುವುದು ಇದರಿಂದಾಗಿ. ಇಂದಿನ ನುಡಿಯಲ್ಲಿ ಯೂನಿಕೋಡ್ ಸೌಲಭ್ಯವಿದೆ, ಹಳೆಯದನ್ನು ಪರಿವರ್ತಿಸುವ ಸಾಧನವೂ ಇದೆ. ಇಲ್ಲದಿರುವುದು ಕೇಳುವವರು ಮಾತ್ರ.

ಕಾನೂನಿನ ಕೊರತೆಯೂ ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ದೃಷ್ಟಿದೋಷವುಳ್ಳವರ ಸಂಖ್ಯೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 34ನೇ ಕಲಮು ಸರ್ಕಾರಿ ಹುದ್ದೆಗಳಲ್ಲಿ ಅಂಧರು ಮತ್ತು ಮಂದದೃಷ್ಟಿಯವರಿಗೆ ಕನಿಷ್ಠ ಶೇ 1ರಷ್ಟು ಮೀಸಲಾತಿ ನೀಡುತ್ತದೆ. 42ನೇ ಕಲಮು ಮಾಹಿತಿಯೆಲ್ಲ ಅವರಿಗೆ ಎಟುಕುವ ರೂಪದಲ್ಲಿರಬೇಕೆನ್ನುತ್ತದೆ. ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಮರೆತರೆ ಕುರ್ಚಿ ಕೊಟ್ಟು ಕೆಲಸ ಕಸಿದಂತೆ. 2017ರ ನಿಯಮಗಳ 15ನೇ ನಿಯಮದಲ್ಲಿ ಜಾಲತಾಣಗಳಲ್ಲಿ ಪ್ರಕಟಿಸುವ ದಾಖಲೆಗಳು ಯಂತ್ರ ಓದಬಲ್ಲಂತಿರಬೇಕೆಂಬ ಮಾತಿತ್ತು. ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ, ಆ ನಿಯಮ ಬರಿಯ ಶಿಫಾರಸುಗಳ ಕಂತೆಯಾಗಿದೆ, ಮೂಲ ಕಾಯಿದೆಯ ಆಶಯಕ್ಕೇ ವಿರುದ್ಧವಾಗಿದೆ ಎಂದು ತೀರ್ಪಿತ್ತು, ಮೂರು ತಿಂಗಳೊಳಗೆ ಕಡ್ಡಾಯ ಮಾನದಂಡಗಳನ್ನು ರೂಪಿಸಬೇಕೆಂದು ಕೇಂದ್ರಕ್ಕೆ ನಿರ್ದೇಶಿಸಿತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪಿನಲ್ಲಿ ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಅಂಗವೇ ಎಂದು ಹೇಳಿತು. ರಾಜ್ಯದ ಕಚೇರಿಗಳು ದೆಹಲಿಯ ನಿಯಮಗಳಿಗಾಗಿ ಕಾಯಬೇಕಾಗಿಲ್ಲ. ಯೂನಿಕೋಡ್‌ನಲ್ಲಿಲ್ಲದ, ಅಥವಾ ಬರಿಯ ಚಿತ್ರವಾಗಿರುವ ಕಡತವನ್ನು ಸ್ವೀಕರಿಸತಕ್ಕದ್ದಲ್ಲ ಎಂಬ ಒಂದು ಸಾಲಿನ ಆದೇಶ ಸಾಕು. ಡಿಜಿಟಲ್ ಸಹಿ ಇರುವಾಗ ಸಹಿಗಾಗಿ ಮುದ್ರಿಸಿ ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ.

ಪುಸ್ತಕಗಳ ಕಥೆ ಇನ್ನೂ ವಿಚಿತ್ರ. ಕನ್ನಡದ ಪ್ರಕಾಶಕರು ದಶಕಗಳ ಕಾಲ ಪುಟವಿನ್ಯಾಸಕ್ಕೆ ನೆಚ್ಚಿಕೊಂಡ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಕನ್ನಡದ ಯೂನಿಕೋಡ್ ತಿಳಿಯದು. ಕಂಪ್ಯೂಟರಿನಲ್ಲೇ ಹುಟ್ಟಿದ ಪುಸ್ತಕವನ್ನು ಕಾಗದದ ಮೇಲೆ ಮುದ್ರಿಸಿ, ಆ ಕಾಗದವನ್ನು ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಯಂತ್ರದಿಂದ ಗುರುತಿಸಿ, ಮತ್ತೆ ಕಂಪ್ಯೂಟರಿಗೆ ಕಲಿಸಬೇಕಾದ ಸ್ಥಿತಿ ಒದಗಿದ್ದು ಹೀಗೆ. ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಪಠ್ಯವನ್ನು ಓದಿ ಹೇಳುವ ಧ್ವನಿಯನ್ನೂ, ಮುದ್ರಿತ ಪುಟವನ್ನು ಪಠ್ಯವಾಗಿಸುವ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನೂ ರೂಪಿಸಿದೆ. ಹಳಗಾಲದ ಅಚ್ಚುಮೊಳೆಯ ಪುಸ್ತಕಗಳಿಗೆ ಇಂತಹ ವಿದ್ವತ್ತು ಅನಿವಾರ್ಯ. 2005ರಲ್ಲೋ 2010ರಲ್ಲೋ ಬೆರಳಚ್ಚಾದ ಪುಸ್ತಕಕ್ಕೂ ಅದನ್ನೇ ವ್ಯಯಿಸಬೇಕೆ? ಹಕ್ಕುಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಅಂಧರಿಗಾಗಿ ಪುಸ್ತಕಗಳ ರೂಪಾಂತರಕ್ಕೆ ಅವಕಾಶ ಕೊಟ್ಟಿದೆ. ಮೂಲ ಕಡತಗಳು ಪ್ರಕಾಶಕರ, ಅಕಾಡೆಮಿಗಳ, ವಿಶ್ವವಿದ್ಯಾಲಯಗಳ ಹಳೆಯ ಸಿ.ಡಿ.ಗಳಲ್ಲಿವೆ. ಪರಿವರ್ತಿಸುವಾಗ ಯಾವ ಸಾಲು ಯಾವ ಅಕ್ಷರಶೈಲಿಯಲ್ಲಿದೆ ಎಂಬ ಮಾಹಿತಿ ಉಳಿದಿರಬೇಕು. ಇಲ್ಲವಾದರೆ ನಡುನಡುವೆ ಬಂದ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಆ ಸಿ.ಡಿ.ಗಳನ್ನು ಸಿದ್ಧಪಡಿಸಿದ ಡಿಟಿಪಿ ನಿರ್ವಾಹಕರಲ್ಲಿ ಹಲವರು ಇನ್ನೂ ಕೆಲಸದಲ್ಲಿದ್ದಾರೆ, ಯಾವ ಕಡತ ಯಾವುದರಲ್ಲಿದೆಯೆಂದು ಅವರಿಗೆ ನೆನಪಿದೆ.