ಹಳೇ ಗಾಡಿ ನೋಡುವ ವಿದ್ಯೆ

ಪುತ್ತೂರು, ಸುಳ್ಯ, ಕಡಬದ ಹುಡುಗರಿಗೆ ದೊಡ್ಡ ಬೈಕಿನ ಆಸೆ ಹುಟ್ಟಿಸಲು ಜಾಹೀರಾತು ಬೇಕಿಲ್ಲ, ರಸ್ತೆಗಳೇ ಸಾಕು. ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಒಂದು ಕಡೆ. ನೆಲ್ಯಾಡಿ, ಗುಂಡ್ಯದ ಮೂಲಕ ಶಿರಾಡಿಗೆ ಏರುವ ಹೆದ್ದಾರಿ 75 ಇನ್ನೊಂದು ಕಡೆ. ನಡುವೆ ಸುಬ್ರಹ್ಮಣ್ಯದ ಪಕ್ಕದ ಕುಲ್ಕುಂದದಿಂದ ಬಿಸಿಲೆ ಕಾಡಿಗೆ ನುಗ್ಗುವ ದಾರಿ. ಭಾನುವಾರ ಬೆಳಿಗ್ಗೆ ಹೊರಗಿನ ನಂಬರಿನ ಬೈಕುಗಳು ಸಾಲಾಗಿ ಘಾಟಿಯತ್ತ ಹೋಗುವುದನ್ನು ನೋಡಿಕೊಂಡೇ ಇಲ್ಲಿನ ಮಕ್ಕಳು ಬೆಳೆಯುತ್ತಾರೆ. ಅಡಕೆಗೆ ಒಳ್ಳೆ ರೇಟು ಬಂದ ವರ್ಷ ಆ ಆಸೆ ಮನೆಯಲ್ಲಿ ಬಾಯಿ ಬಿಡುತ್ತದೆ. ಹೊಸದಕ್ಕೆ ಮೂರೂವರೆ, ನಾಲ್ಕು ಲಕ್ಷ ಅಂದರೆ ಅಪ್ಪ ಎದ್ದು ತೋಟಕ್ಕೆ ನಡೆಯುತ್ತಾರೆ. ಎರಡು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಸಿಗುತ್ತದಂತೆ ಅಂದರೆ ಮಾತ್ರ ಕೂತು ಕೇಳುತ್ತಾರೆ.

ಅಲ್ಲಿಂದ ಮುಂದೆ ಬೇಕಾಗುವುದು ಗಾಡಿ ನೋಡುವ ವಿದ್ಯೆ. ಇದನ್ನು ಕಲಿಸುವ ಶಾಲೆಯಿಲ್ಲ, ಮಾಡುವವರಿಗೆ ಬೋರ್ಡಿಲ್ಲ. ಆದರೆ ಯಾವ ಪೇಟೆಯಲ್ಲಿ ವಿಚಾರಿಸಿದರೂ ಯಾವುದಾದರೊಂದು ಗ್ಯಾರೇಜಿನಲ್ಲಿ ಅಂಥವರೊಬ್ಬರು ಸಿಕ್ಕುತ್ತಾರೆ. ಕೊಳ್ಳುವವನ ಜತೆ ಹೋಗಿ, ಅರ್ಧ ಗಂಟೆ ಗಾಡಿಯ ಸುತ್ತ ಕೂತು ಎದ್ದು, ಕೊನೆಗೆ ‘ಬೇಡ’ ಅಥವಾ ‘ಆಗಬಹುದು’ ಎಂದು ಒಂದೇ ಮಾತು ಹೇಳುವವರು. ಚಾಲಿ ಅಡಕೆಯ ವ್ಯಾಪಾರಿ ಹೊರಗಿನ ಬಣ್ಣಕ್ಕೆ ಮರುಳಾಗದೆ ಒಂದೆರಡು ಅಡಕೆ ಸೀಳಿ ಒಳಗೆ ನೋಡುತ್ತಾನಲ್ಲ, ಇವರದೂ ಅದೇ ಜಾತಿಯ ಕಣ್ಣು. ಅವರ ಅರ್ಧ ದಿನಕ್ಕೆ ಸಾವಿರ ರೂಪಾಯಿ ಕೊಡಲು ಹಿಂದೆ ಮುಂದೆ ನೋಡುವವರು ಆಮೇಲೆ ಮೂವತ್ತು ಸಾವಿರ ಕೊಟ್ಟು ಎಂಜಿನ್ ಬಿಚ್ಚಿಸುತ್ತಾರೆ.

ವೇಗದ ಹುಚ್ಚು ಹೊಸದಲ್ಲ. ಇದೇ 275ರ ದಾರಿಯಲ್ಲಿರುವ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಮುಂದೆ ಯೆಜ್ಡಿ ಎಂದು ಹೆಸರಾದ ಆ ಎರಡು ಸೈಲೆನ್ಸರಿನ 250 ಸಿಸಿ ಗಾಡಿಗಳು ಘಟ್ಟದ ಮೇಲೆ, ಕೆಳಗೆ ಎಲ್ಲ ಕಡೆ ಓಡಿದವು. ಕಾರ್ಖಾನೆ 1996ರಲ್ಲಿ ಮುಚ್ಚಿತು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ತಂತ್ರಜ್ಞಾನದಲ್ಲಿ ರಾಜ್‌ದೂತ್ 350 ತಂದಿತು. 347 ಸಿಸಿ, ಎರಡು ಸಿಲಿಂಡರ್, 30 ಚಿಲ್ಲರೆ ಅಶ್ವಶಕ್ತಿ. ಆ ವೇಗಕ್ಕೆ ಹಾಕಿದ್ದು ಡ್ರಮ್ ಬ್ರೇಕು! ಪೆಟ್ರೋಲು ಕುಡಿಯುತ್ತಿತ್ತು, ಬಿಡಿಭಾಗ ದುಬಾರಿ, ಕೆಲಸ ಗೊತ್ತಿದ್ದ ಮೆಕ್ಯಾನಿಕ್ ಅಪರೂಪ. ಹತ್ತು ವರ್ಷ ತುಂಬುವ ಮೊದಲೇ ತಯಾರಿಕೆ ನಿಂತಿತು. ಇವತ್ತು ಅದು ಸಂಗ್ರಹಕಾರರ ವಸ್ತು, ಬಜೆಟ್ಟಿನವರ ಕೈಗೆ ಎಟುಕುವುದಿಲ್ಲ. ಆದರೆ ಅದನ್ನು ಮುಳುಗಿಸಿದ ಕಾರಣಗಳು ಈಗಲೂ ಜೀವಂತವಾಗಿವೆ. ಗಾಡಿ ಎಷ್ಟು ಓಡುತ್ತದೆ ಎಂಬುದಕ್ಕಿಂತ, ನಿಂತಾಗ ಅದನ್ನು ಯಾರು ಎಬ್ಬಿಸುತ್ತಾರೆ, ಸಾಮಾನು ಎಲ್ಲಿಂದ ಬರುತ್ತದೆ ಎಂಬುದೇ ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ. ಗುತ್ತಿಗಾರಿನಲ್ಲೋ ಬೆಳ್ಳಾರೆಯಲ್ಲೋ ಮನೆಯಿದ್ದವನಿಗೆ ಒಂದು ಕ್ಲಚ್ ಪ್ಲೇಟಿಗಾಗಿ ಮಂಗಳೂರಿಗೆ ಎರಡು ಸಲ ಬಸ್ಸು ಹತ್ತುವುದೆಂದರೆ ಎರಡು ದಿನದ ಕೆಲಸ ಹಾಳು.

ಇಲ್ಲಿಗೆ ಹಳೇ ದೊಡ್ಡ ಗಾಡಿಗಳು ಬರುವ ದಾರಿ ಮುಖ್ಯವಾಗಿ ಮೂರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಮದುವೆಯಾದ ಮೇಲೆ ಕಾರು ಕೊಂಡವರ ಬೈಕು ಊರಿಗೆ ಬರುತ್ತದೆ. ಸುಳ್ಯ, ಪುತ್ತೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದು ಮುಗಿಸಿದವರು ಹೊರಡುವಾಗ ಮಾರಿಹೋಗುತ್ತಾರೆ. ಮೂರನೆಯದು ಗಡಿಯಾಚೆಯ ಕಾಸರಗೋಡಿನ ಗಾಡಿ. ಜಾಲ್ಸೂರಿನಲ್ಲಿ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಕೇರಳ. ಮೊದಲನೆಯದು ಸಾಮಾನ್ಯವಾಗಿ ಕಮ್ಮಿ ಓಡಿದ್ದು, ಆದರೆ ಬೇಸ್‌ಮೆಂಟಿನಲ್ಲಿ ನಿಂತು ನಿಂತು ಬ್ಯಾಟರಿ, ಟೈರು, ಸೀಲು ಸತ್ತಿರುತ್ತವೆ. ಎರಡನೆಯದು ಬಹಳ ಸಲ ಬಿದ್ದು ಎದ್ದದ್ದು. ಮೂರನೆಯದರ ತಾಪತ್ರಯ ಕಾಗದದ್ದು, ಅದನ್ನು ಆಮೇಲೆ ನೋಡೋಣ.

ನೋಡಲು ಹೋಗುವಾಗ ಮಾರುವವನಿಗೆ ಒಂದೇ ಮಾತು ಹೇಳಿಡಿ: ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ. ಪಳಗಿದ ಮೆಕ್ಯಾನಿಕ್ ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಡುವುದು ಇದಕ್ಕೇ. ಬೆಚ್ಚಗಿದ್ದರೆ ತಣ್ಣಗಿನ ಎಂಜಿನ್ನಿನ ಯಾವುದೋ ರೋಗ ಮುಚ್ಚಿಟ್ಟಿದ್ದಾರೆ ಎಂದು ಅನುಮಾನ. ತಣ್ಣಗಿದ್ದು ಸ್ಟಾರ್ಟ್ ಆದಾಗ ಬರುವ ಹೊಗೆ ನೋಡಬೇಕು. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ರಿಂಗೋ ವಾಲ್ವ್ ಸೀಲೋ ಹೋಗಿದೆ. ಕಪ್ಪಾದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ. ಬಿಳಿ ಹೊಗೆ ಒಂದೆರಡು ನಿಮಿಷದಲ್ಲಿ ನಿಂತರೆ ಬರೀ ಆವಿ. ನಿಲ್ಲದೆ ಬರುತ್ತಿದ್ದರೆ, ಸಿಹಿ ವಾಸನೆಯೂ ಸೇರಿದ್ದರೆ, ಕೂಲೆಂಟ್ ಒಳಗೆ ಸೋರುತ್ತಿದೆ. ಆಯಿಲ್ ನೋಡುವ ಗಾಜಿನಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡರಂತೂ ಕೈಮುಗಿದು ವಾಪಸು ಬನ್ನಿ.

ಆಮೇಲೆ ಬೀಳುವಿಕೆಯ ಲೆಕ್ಕ. ಪೇಂಟು, ಫೇರಿಂಗ್ ಹೊಸದು ಹಾಕಬಹುದು. ಹ್ಯಾಂಡಲ್ ತುದಿ, ಬ್ರೇಕ್ ಲಿವರಿನ ಗುಂಡು, ಫುಟ್‌ರೆಸ್ಟಿನ ಕೊನೆ ಇವನ್ನು ಬದಲಿಸಲು ಬಹಳ ಜನಕ್ಕೆ ನೆನಪಿರುವುದಿಲ್ಲ. ಅಲ್ಲಿ ಉಜ್ಜಿದ ಗುರುತಿದ್ದರೆ ಗಾಡಿ ಮಲಗಿದೆ. ಮಲಗಿದ್ದು ದೊಡ್ಡ ತಪ್ಪಲ್ಲ, ಎಲ್ಲಿಗೆ ಹೊಡೆದು ಮಲಗಿತು ಎಂಬುದು ಮುಖ್ಯ. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಅದನ್ನು ತಡೆಯುವ ಸಣ್ಣ ಕಬ್ಬಿಣದ ಮೂತಿ ಚಾಸಿಸ್ಸಿನ ಮುಂಭಾಗದಲ್ಲಿ ಎರಡೂ ಕಡೆ ಇರುತ್ತದೆ. ಅದು ಜಜ್ಜಿ ಹೋಗಿದ್ದರೆ ಅಥವಾ ಅಲ್ಲಿ ವೆಲ್ಡಿಂಗ್ ಕಂಡರೆ ಮುಂದಿನಿಂದ ಜೋರಾಗಿ ಗುದ್ದಿದ ಗಾಡಿ. ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ನಿಧಾನಕ್ಕೆ ಆಚೀಚೆ ತಿರುಗಿಸಿದಾಗ ನಡುವೆ ಎಲ್ಲೋ ‘ಕಟಕ್’ ಎಂದು ಕೂತರೆ ಕೋನ್ ಸೆಟ್ ಹೋಗಿದೆ, ಅದು ರಿಪೇರಿಯಾಗುವ ವಿಷಯ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಬೇಕು. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನ್ ಸೆಟ್ ಹೊಸದು ಬೇಕು, ಆ ಹಣ ರೇಟಿನಲ್ಲಿ ಕಳೆಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಗುಂಡಿ ಎಷ್ಟೇ ಆಳವಿರಲಿ, ಅಷ್ಟು ಹಳೇ ರಬ್ಬರು ಮಳೆಯಲ್ಲಿ ಹಿಡಿಯುವುದಿಲ್ಲ. ಮೀಟರಿನ ಕಿಲೋಮೀಟರನ್ನು ಮಾತ್ರ ಅರ್ಧ ನಂಬಿ. ಸರ್ವಿಸ್ ದಾಖಲೆ ಕೇಳಿ, ಇಲ್ಲದಿದ್ದರೆ ಡಿಸ್ಕಿನ ಅಂಚಿನಲ್ಲಿ ಎದ್ದಿರುವ ಏಣು, ಸವೆದ ಸ್ವಿಚ್ಚು, ಫುಟ್‌ರೆಸ್ಟಿನ ರಬ್ಬರು ನಿಜ ಹೇಳುತ್ತವೆ.

ನಮ್ಮ ಕಡೆಯ ಗಾಡಿಗೆ ಇನ್ನೊಂದು ಪರೀಕ್ಷೆ ಬೇಕು, ಮಳೆಯದ್ದು. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಕುಮಾರಧಾರಾ ಉಕ್ಕಿದಾಗ ಸುಬ್ರಹ್ಮಣ್ಯದ ಸ್ನಾನಘಟ್ಟ ಮುಳುಗುವುದು ಮಳೆಗಾಲದ ಮಾಮೂಲು ಸುದ್ದಿ. 2018ರ ಆಗಸ್ಟಿನಲ್ಲಿ ಕೊಡಗು, ಕೇರಳ ಎರಡೂ ಕಡೆ ನೆರೆ ಬಂದಾಗ ಮುಳುಗಿದ ವಾಹನಗಳಿಗೆ ಲೆಕ್ಕವಿಲ್ಲ. ನೀರಲ್ಲಿ ಕೂತ ಗಾಡಿಯನ್ನು ತೊಳೆದು ಪಾಲಿಶ್ ಮಾಡಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೀಟು ಬಿಚ್ಚಿಸಿ, ಏರ್ ಫಿಲ್ಟರಿನ ಡಬ್ಬಿ ತೆಗೆಸಿ. ಮೂಲೆಯಲ್ಲಿ ಕೆಸರಿನ ಗೆರೆ, ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು, ಹೆಡ್‌ಲೈಟಿನ ಒಳಗೆ ಮಬ್ಬು ಕಂಡರೆ ಸಂಶಯಪಡಿ. ಇಂಜೆಕ್ಷನ್ ಗಾಡಿಗಳಿಗೆ ವೈರಿಂಗೇ ನರಮಂಡಲ, ಅದು ಕೆಟ್ಟರೆ ಊರಿನ ಮೆಕ್ಯಾನಿಕ್ ಕೈ ಚೆಲ್ಲುತ್ತಾರೆ. ಮುಂದಿನ ಶಾಕ್ ಅಬ್ಸಾರ್ಬರಿನ ಹೊಳೆಯುವ ಪೈಪಿನಲ್ಲಿ ತುಕ್ಕಿನ ಚುಕ್ಕೆಗಳಿದ್ದರೆ ಆಯಿಲ್ ಸೀಲ್ ಎಷ್ಟು ಸಲ ಹಾಕಿಸಿದರೂ ಮತ್ತೆ ಸೋರುತ್ತದೆ, ಪೈಪೇ ಬದಲಾಗಬೇಕು. ನನ್ನನ್ನು ಕೇಳಿದರೆ ಗಾಡಿ ಕೊಳ್ಳಲು ಜುಲೈ ಒಳ್ಳೆ ತಿಂಗಳು. ಕೊಳ್ಳುವವರು ಕಮ್ಮಿ, ಮಾರುವವನಿಗೆ ಅವಸರ, ಮಿಸ್ ಹೊಡೆಯುವ ಗಾಡಿ ಮಳೆಯಲ್ಲೇ ಸಿಕ್ಕಿಬೀಳುತ್ತದೆ.

ಕಾಗದದ ಕಥೆ ಬೋರು ಹೊಡೆಸುತ್ತದೆ, ಆದರೆ ಹಣ ಕಳೆದುಕೊಂಡವರು ಬಹಳ ಮಂದಿ ಇಲ್ಲೇ ಕಳೆದುಕೊಂಡದ್ದು. ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ವಿಮೆ, ಸಾಲ ಕೊಟ್ಟ ಬ್ಯಾಂಕಿನ ಹೆಸರು, ಎಷ್ಟನೇ ಮಾಲೀಕ ಎಂಬುದು ಕಾಣುತ್ತದೆ. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಉಳಿದಿದ್ದರೆ ಫಾರ್ಮ್ 35, ಬ್ಯಾಂಕಿನ ಎನ್‌ಒಸಿ ಕೈಗೆ ಬಾರದೆ ಮುಂಗಡ ಕೊಡಬೇಡಿ. ಚಾಸಿಸ್ ನಂಬರನ್ನು ಆರ್‌ಸಿಯ ಜತೆ ನೀವೇ ಓದಿ ತಾಳೆ ನೋಡಿ. ಬೆಂಗಳೂರಿನ ಗಾಡಿಯಾದರೆ ಅಲ್ಲಿನ ಸಂಚಾರಿ ಪೊಲೀಸರ ದಂಡದ ಬಾಕಿ ಎಷ್ಟಿದೆ ಎಂದೂ ನೋಡಬೇಕು. ಕೆಲವು ಗಾಡಿಗಳ ಮೇಲೆ ಹಲವು ಸಾವಿರ ಕೂತಿರುತ್ತದೆ. ಮಾರಾಟಕ್ಕೆ ಫಾರ್ಮ್ 29, 30. ಪುತ್ತೂರು, ಸುಳ್ಯ, ಕಡಬಕ್ಕೆಲ್ಲ ಕೆಎ 21, ಕಚೇರಿ ಪುತ್ತೂರಿನಲ್ಲಿ. ಕೇರಳದ ಗಾಡಿಯಾದರೆ ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಮತ್ತೆ ನೋಂದಣಿ ಮಾಡಿಸಿ ಆಜೀವ ತೆರಿಗೆ ಕಟ್ಟಬೇಕು. ಒಂದು ಲಕ್ಷ ಮೀರಿದ ಹೊಸ ಬೈಕಿಗೆ ನಮ್ಮ ರಾಜ್ಯದಲ್ಲಿ ತೆರಿಗೆ ಶೇ 18, ಹಳೆಯದಾದಂತೆ ಕಮ್ಮಿಯಾಗುತ್ತದೆ. ಕೇರಳದಲ್ಲಿ ಇಪ್ಪತ್ತು ಸಾವಿರ ಅಗ್ಗ ಎಂದು ತಂದವರಿಗೆ ಆ ಲಾಭ ಇಲ್ಲೇ ಕರಗುತ್ತದೆ. ಮಾರುವವರಿಗೂ ಒಂದು ಮಾತು: ಗಾಡಿ ಕೊಟ್ಟರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಸೈಲೆನ್ಸರ್ ಬದಲಿಸಿದ ಗಾಡಿ ಸಿಕ್ಕರೆ ಒರಿಜಿನಲ್ ಎಲ್ಲಿ ಎಂದು ಕೇಳಿ. ಗುಜರಿಗೆ ಹಾಕಿದೆ ಅಂದರೆ ಅದರ ಬೆಲೆ ಕಳೆಯಿರಿ. ಗುಡುಗುವ ಸೈಲೆನ್ಸರುಗಳನ್ನು ಪೊಲೀಸರು ಕಿತ್ತು ರೋಲರಿನ ಅಡಿಗೆ ಹಾಕಿದ ಚಿತ್ರಗಳು ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ. ಪಕ್ಕದ ಮನೆಯ ಅಜ್ಜಿಗೂ ಅದರಲ್ಲಿ ಸಮಾಧಾನವಿದೆ.

ಇನ್ನು ಯಾವುದು ಎಂಬ ಪ್ರಶ್ನೆ. ಮೊದಲ ಶರತ್ತು ಎಬಿಎಸ್. 125 ಸಿಸಿ ಮೇಲ್ಪಟ್ಟ ಎಲ್ಲ ಹೊಸ ಬೈಕಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನವುಗಳಲ್ಲಿ ಇದ್ದದ್ದೂ ಉಂಟು, ಇಲ್ಲದ್ದೂ ಉಂಟು. 2013ರಲ್ಲಿ ಬಂದ ಕವಾಸಕಿ ನಿಂಜಾ 300 ಚಂದದ ಗಾಡಿ, ಎರಡು ಸಿಲಿಂಡರು, ನಯವಾದ ಎಂಜಿನ್. ಆದರೆ ನಮ್ಮಲ್ಲಿ ಅದಕ್ಕೆ ಎಬಿಎಸ್ ಸಿಕ್ಕಿದ್ದು 2018ರಲ್ಲಿ, ಬಿಡಿಭಾಗಗಳ ಬೆಲೆಯೂ ಬಜೆಟ್ಟಿನವರ ಎದೆ ನಡುಗಿಸುತ್ತದೆ. ಅದೇ 2013ರ ಕೆಟಿಎಂ ಡ್ಯೂಕ್ 390 ಎಬಿಎಸ್ ಜತೆಯಲ್ಲೇ ಬಂತು. 373 ಸಿಸಿ, 43 ಅಶ್ವಶಕ್ತಿ, ಹಗುರ ಮೈ. ಸಂಪಾಜೆಯ ತಿರುವಿಗೆ ಹೇಳಿ ಮಾಡಿಸಿದ್ದು. ಆದರೆ ಹಿಂದಿನ ಮಾಲೀಕ ಅದನ್ನು ಹೇಗೆ ಓಡಿಸಿರುತ್ತಾನೆಂದು ಊಹಿಸುವುದು ಕಷ್ಟವೇನಲ್ಲ. ಪೇಟೆಯ ಟ್ರಾಫಿಕ್ಕಿನಲ್ಲಿ ಮೊದಲ ತಲೆಮಾರಿನವು ವಿಪರೀತ ಬಿಸಿಯಾಗುತ್ತವೆ, ರೇಡಿಯೇಟರ್ ಫ್ಯಾನ್ ಓಡುತ್ತಿದೆಯೇ ನೋಡದೆ ಕೊಳ್ಳಬಾರದು. ಹೆಚ್ಚುಕಮ್ಮಿ ಅದೇ ಅಳತೆಯ ಎಂಜಿನ್ನನ್ನು ಸೌಮ್ಯ ಮಾಡಿ ಬಜಾಜ್ 2016ರ ಕೊನೆಗೆ ತಂದ ಡೊಮಿನಾರ್ 400 ಭಾರದ ಗಾಡಿ, ಬೆಲೆ ಕಮ್ಮಿ, ಸಾಮಾನು ಸುಲಭ. ಪಕ್ಕದ ರಾಜ್ಯದ ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310 ಬಂದದ್ದು 2017ರ ಡಿಸೆಂಬರಿನಲ್ಲಿ. 34 ಅಶ್ವಶಕ್ತಿ, ಪೂರ್ತಿ ಫೇರಿಂಗ್, ಎರಡೂ ಚಕ್ರಕ್ಕೆ ಎಬಿಎಸ್. 2018ರ ನವೆಂಬರಿನಲ್ಲಿ ಬಂದ ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್, ಕಾಂಟಿನೆಂಟಲ್ ಜಿಟಿ 650ಗಳು 648 ಸಿಸಿ, 47 ಅಶ್ವಶಕ್ತಿ, ಇನ್ನೂರು ಕಿಲೋ ತೂಕ. ರೇಡಿಯೇಟರಿನ ರಗಳೆ ಇಲ್ಲ. ಮೊದಮೊದಲು ಮಾರಾಟವಾದವು ಈಗ ಎರಡು ಲಕ್ಷದ ಆಸುಪಾಸಿಗೆ ಇಳಿದಿವೆ. ಮನೆಗೆ ಏರುವ ದಾರಿ ಕಡಿದಾದ ಮಣ್ಣಿನದ್ದಾದರೆ ಮಾತ್ರ ಆ ತೂಕವನ್ನು ಒಮ್ಮೆ ಯೋಚಿಸಿ.

ರೇಟು ಮಾತಾಡುವಾಗ ಜಿಎಸ್‌ಟಿ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಶೇ 28 ಇದ್ದದ್ದು 18ಕ್ಕೆ ಇಳಿಯಿತು, 350 ದಾಟಿದ್ದಕ್ಕೆ 40 ಆಯಿತು. ಹಾಗಾಗಿ 310 ಸಿಸಿಯ ಹಳೇ ಗಾಡಿಗೆ ಹಳೇ ಹೊಸಬೆಲೆಯ ಲೆಕ್ಕ ಹೇಳುವವನ ಎದುರು ಇವತ್ತಿನ ಶೋರೂಮ್ ಬೆಲೆ ಇಡಿ. 650ರವರು ಮಾತ್ರ ಬಿಗಿಯಾಗಿ ಕೂರುತ್ತಾರೆ, ಅವರ ಪಟ್ಟಿಗೆ ಕಾರಣವಿದೆ.

ಕೈಯಲ್ಲಿ ಎರಡು ಲಕ್ಷವಿದ್ದರೆ ಗಾಡಿಗೆ ಒಂದೂವರೆಗಿಂತ ಹೆಚ್ಚು ಹಾಕಬೇಡಿ. ಉಳಿದದ್ದು ಟೈರು, ಚೈನ್ ಸೆಟ್, ಬ್ಯಾಟರಿ, ವಿಮೆ, ಹೆಸರು ಬದಲಾವಣೆ ಮತ್ತು ಒಳ್ಳೆ ಹೆಲ್ಮೆಟ್ಟಿಗೆ. ಆ ಹಣಕ್ಕೆ ಈ ಮೂರು ತಾಲೂಕಿನ ರಸ್ತೆಗೆ ನನ್ನ ಆಯ್ಕೆ ಒಬ್ಬನೇ ಮಾಲೀಕನ, ಸರ್ವಿಸ್ ಪುಸ್ತಕ ಪೂರ್ತಿಯಿರುವ, 2019ರ ನಂತರದ ಆರ್‌ಆರ್ 310. ಹಿಂದೆ ಕೂರುವವರು ಇರುವ ಮನೆಯಾದರೆ ಡೊಮಿನಾರ್.